ಟೆಸ್ಟ್ ಬೇಡ ಅಂದರು

ಟೆಸ್ಟ್ ಇದೆ ಎಂದು ಕಾಲೇಜಿನಿಂದ ಈಮೇಲ್ ಬಂದಾಗ ಸಿಡ್ನಿಯ ಟೂಂಗಾಬಿಯಲ್ಲಿ ಯಾರೂ ಗಾಬರಿಯಾಗಲಿಲ್ಲ. ಟೆಸ್ಟ್ ಬೇಡ ಎಂದು ಬಂದಾಗ ಆದರು.

ಮೊದಲ ಈಮೇಲ್ ಬಂದದ್ದು ಜನವರಿಯಲ್ಲಿ. ಸ್ವರ್ಣಲತಾ ಸಿಡ್ನಿಯ ಕಾಲೇಜೊಂದರಲ್ಲಿ ನರ್ಸಿಂಗ್ ಡಿಪ್ಲೊಮಾದ ಮೊದಲ ವರ್ಷ ಮುಗಿಸಿದ್ದಳು. ಗಂಡ ಧನರಾಜ್ ಕೋಲ್ಡ್ ಸ್ಟೋರೇಜುಗಳ ಕೂಲಿಂಗ್ ಯಂತ್ರ ರಿಪೇರಿ ಮಾಡುವವನು. ಕಂಪನಿ ಅವನನ್ನು ಮೆಲ್ಬರ್ನ್‌ಗೆ ವರ್ಗ ಮಾಡಿತ್ತು. ಅವನು ಮುಂಚೆಯೇ ಹೋಗಿ ಟಾರ್ನೀಟ್ ಎಂಬ ಸಬರ್ಬ್‌ನಲ್ಲಿ ಮನೆ ಹಿಡಿದಿದ್ದ. ಎರಡನೇ ವರ್ಷವನ್ನು ಅಲ್ಲೇ ಓದೋಣವೆಂದು ಸ್ವರ್ಣಲತಾ ಮೆಲ್ಬರ್ನ್‌ನ ಕಾಲೇಜಿಗೆ ಅರ್ಜಿ ಹಾಕಿದಳು. ಎಲ್ಲರಿಗೂ ಒಂದೇ ಅಚ್ಚಿನಲ್ಲಿ ಹೋಗುವ ಉತ್ತರ ಬಂತು: ಹೊಸ ವಿದ್ಯಾರ್ಥಿಗಳು ಓದು, ಬರಹ ಮತ್ತು ಲೆಕ್ಕದ ಟೆಸ್ಟ್ ಬರೆಯಬೇಕು. ಸಾಕಷ್ಟು ಅಂಕ ಬರದವರು ಮೊದಲು ಒಂದು ಸೆಮಿಸ್ಟರ್ ಬೇಸಿಕ್ ಕೋರ್ಸ್‌ನಲ್ಲಿ ಕೂರಬೇಕು.

ಬೇಸಿಕ್ ಕೋರ್ಸ್‌ನಲ್ಲಿ ಕೂತರೆ ಮಾರ್ಚ್‌ನಲ್ಲಿ ಶುರುವಾಗುವ ಆಸ್ಪತ್ರೆಯ ತರಬೇತಿ ತಪ್ಪುತ್ತಿತ್ತು. ಸ್ವರ್ಣಲತಾಳಿಗೆ ನಲವತ್ತೊಂದು ವರ್ಷ. ವೃದ್ಧಾಶ್ರಮವೊಂದರಲ್ಲಿ ಅಜ್ಜ ಅಜ್ಜಿಯರಿಗೆ ಸ್ನಾನ ಮಾಡಿಸುವ, ಊಟ ಮಾಡಿಸುವ ಕೆಲಸವನ್ನು ವರ್ಷಗಟ್ಟಲೆ ಮಾಡಿದವಳು. ಅಲ್ಲಿ ಮದ್ದಿನ ಗಾಡಿ ತಳ್ಳಿಕೊಂಡು ಬರುವ ನರ್ಸ್‌ನ ಕೊರಳಲ್ಲಿ ಆ ಗಾಡಿಯ ಬೀಗದಕೈ ನೇತಾಡುತ್ತಿರುತ್ತದೆ. ಅಂಥದೊಂದು ಬೀಗದಕೈ ತನ್ನ ಕೊರಳಲ್ಲೂ ಇರಬೇಕು ಎಂಬ ಒಂದೇ ಆಸೆಯಿಂದ ಕಾಲೇಜು ಸೇರಿದ್ದಳು. ಈ ವರ್ಷದ ಕೊನೆಗೆ ಅದು ಸಿಗಬೇಕಿತ್ತು.

ನಡುವೆ ಲೆಕ್ಕ ಬಂದು ನಿಂತಿತ್ತು. ಕಾರ್ಕಳದಲ್ಲಿ ಪಿಯುಸಿ ಓದುವಾಗ ಅವಳು ಲೆಕ್ಕದಲ್ಲಿ ಫೇಲಾಗಿದ್ದಳು. ನೋಟಿಸ್ ಬೋರ್ಡ್‌ನಲ್ಲಿ ತನ್ನ ನಂಬರ್ ಇಲ್ಲದ್ದನ್ನು ನೋಡಿದ ದಿನದಿಂದ, ಆ ವಿಷಯ ತನಗೆ ಸೇರಿದ್ದಲ್ಲ ಎಂದು ತೀರ್ಮಾನಿಸಿದ್ದಳು.

"ಅದಕ್ಕೆಲ್ಲ ನಾನಿದ್ದೀನಿ ಕಣಮ್ಮಾ," ಅಂದರು ಚಕ್ರಪಾಣಿ.

ಚಕ್ರಪಾಣಿ ಎರಡು ಮನೆ ಆಚೆ ಇರುವವರು, ಮೈಸೂರಿನ ಕಡೆಯವರು. ನಾರ್ವೆಸ್ಟ್‌ನ ಐಟಿ ಕಂಪನಿಯಿಂದ ಹಿಂದಿನ ವರ್ಷ ನಿವೃತ್ತರಾಗಿದ್ದರು. ಮಗಳು ಆದ್ಯಾ ಮದುವೆಯಾಗಿ ಮಾರ್ಸ್ಡನ್ ಪಾರ್ಕ್ ಸೇರಿದ ಮೇಲೆ ಮನೆಯಲ್ಲಿ ಅವರ ಪಾಠ ಕೇಳುವವರು ಯಾರೂ ಉಳಿದಿರಲಿಲ್ಲ. ಹೆಂಡತಿ ವಸಂತಾ ಕೇಳುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಸ್ವರ್ಣಲತಾಳ ಟೆಸ್ಟ್ ಸುದ್ದಿ ಕೇಳಿದ ಸಂಜೆಯೇ ಅವರು ಅಂಗಡಿಗೆ ಹೋಗಿ ವೈಟ್‌ಬೋರ್ಡ್ ತಂದು ಊಟದ ಮೇಜಿನ ಪಕ್ಕ ನಿಲ್ಲಿಸಿದರು.

ಪಾಠ ಶುರುವಾಯಿತು. ಎರಡು ನಲ್ಲಿಗಳು ತೊಟ್ಟಿ ತುಂಬಿಸುತ್ತವೆ, ಮೂರನೆಯದು ಖಾಲಿ ಮಾಡುತ್ತದೆ. ಒಂದು ರೈಲು ಇನ್ನೊಂದು ರೈಲನ್ನು ದಾಟುತ್ತದೆ. ತಂದೆಯ ವಯಸ್ಸು ಮಗನ ವಯಸ್ಸಿನ ಮೂರು ಪಟ್ಟು.

"ಅಂಕಲ್, ತೊಟ್ಟಿ ತುಂಬಿಸುವಾಗ ಕೆಳಗಿನ ನಲ್ಲಿ ಯಾಕೆ ತೆರೆದಿಟ್ಟದ್ದು? ಯಾರಾದ್ರೂ ಹಾಗೆ ಮಾಡ್ತಾರಾ?"

"ಪ್ರಶ್ನೆ ಕೇಳಬಾರದಮ್ಮಾ, ಉತ್ತರ ಬರೀಬೇಕು."

"ನೀರು ಸುಮ್ಮನೆ ಹೋಗ್ತದಲ್ಲ."

"ಅವಳು ಹೇಳೋದ್ರಲ್ಲೂ ಅರ್ಥ ಇದೆ ರೀ," ಎಂದು ವಸಂತಾ ಅಡುಗೆಮನೆಯಿಂದ ಕೂಗಿದರು. "ಹೋಗಿ ಆ ನಲ್ಲಿ ನಿಲ್ಲಿಸಿ ಬನ್ನಿ."

ಕಾಲೇಜಿನ ಟೆಸ್ಟ್‌ನಲ್ಲಿ ಇಂಥ ಪ್ರಶ್ನೆಗಳು ಇರುತ್ತವೆಯೇ ಎಂದು ಚಕ್ರಪಾಣಿ ವಿಚಾರಿಸಿರಲಿಲ್ಲ. ಕಷ್ಟದ್ದು ಕಲಿತರೆ ಸುಲಭದ್ದು ತಾನಾಗಿ ಬರುತ್ತದೆ ಎನ್ನುವುದು ಅವರ ವಾದ. ಸ್ವರ್ಣಲತಾಳಿಗೆ ಕಷ್ಟದ್ದು ಬರಲಿಲ್ಲ. ಸುಲಭದ್ದು ಬರುತ್ತದೆಯೋ ಇಲ್ಲವೋ ಎಂದು ನೋಡಲು ಯಾರೂ ಬಿಡಲಿಲ್ಲ. ಅವಳ ಹದಿನೈದು ವರ್ಷದ ಮಗಳು ಶ್ರದ್ಧಾ ಒಂದು ಸಂಜೆ ಬೋರ್ಡ್ ನೋಡಿ, "ಅಮ್ಮಾ, ದಿಸ್ ಈಸ್ ಕ್ರೂಯಲ್," ಎಂದು ಹೇಳಿ ಹೋಳಿಗೆ ತಿಂದು ಮನೆಗೆ ಹೋದಳು.

ಹೀಗಿರುವಾಗ ಫೆಬ್ರವರಿ ಮೊದಲ ವಾರದಲ್ಲಿ ಎರಡನೇ ಈಮೇಲ್ ಬಂತು. ಇದನ್ನು ಬರೆದವರು ಅಡ್ಮಿಷನ್ ವಿಭಾಗದ ಡೆಬ್ ಎಂಬಾಕೆ. ನಿಮ್ಮ ಸಿಡ್ನಿಯ ಅಂಕಪಟ್ಟಿ ನೋಡಿದೆವು, ಎಲ್ಲ ವಿಷಯಗಳಲ್ಲೂ ಪಾಸಾಗಿದ್ದೀರಿ, ಬೇರೆ ಕಾಲೇಜಿನಲ್ಲಿ ಓದಿ ಬರುವವರಿಗೆ ಟೆಸ್ಟ್‌ನಿಂದ ವಿನಾಯಿತಿ ಇದೆ, ನೀವು ಟೆಸ್ಟ್ ಬರೆಯಬೇಕಾಗಿಲ್ಲ. ಶುಕ್ರವಾರ ಬಂದು ಸ್ಟೂಡೆಂಟ್ ಕಾರ್ಡ್ ತೆಗೆದುಕೊಂಡರೆ ಸಾಕು.

ಸ್ವರ್ಣಲತಾ ಫೋನ್ ಹಿಡಿದುಕೊಂಡು ಚಕ್ರಪಾಣಿಯವರ ಮನೆಗೆ ಓಡಿದಳು.

"ಲಿಂಕ್ ಒತ್ತಿದ್ಯಾ?" ಚಕ್ರಪಾಣಿಯವರ ಮೊದಲ ಪ್ರಶ್ನೆ.

"ಲಿಂಕೇ ಇಲ್ಲ ಅಂಕಲ್."

"ಲಿಂಕ್ ಇಲ್ಲದ ಸ್ಕ್ಯಾಮು!" ಅವರು ಕನ್ನಡಕ ಏರಿಸಿದರು. "ನೋಡಮ್ಮಾ, ಈ ದೇಶದಲ್ಲಿ ನಮಗೆ ಟೆಸ್ಟ್ ಇಲ್ಲದೆ ಏನಾದ್ರೂ ಸಿಕ್ಕಿದ್ಯಾ? ಮೂವತ್ತು ವರ್ಷ ಇಂಗ್ಲಿಷಲ್ಲೇ ಕೆಲಸ ಮಾಡಿದೀನಿ. ಆದ್ರೂ ಇಂಗ್ಲಿಷ್ ಬರುತ್ತೆ ಅಂತ ತೋರಿಸೋಕೆ ಮೂರು ಸಲ ಐಇಎಲ್‌ಟಿಎಸ್ ಬರೆದೆ. ಯಾಕೆ? ಆ ಮಾರ್ಕ್ಸು ಮೊಸರಿನ ಥರ, ಡೇಟ್ ಮುಗಿದುಹೋಗುತ್ತೆ."

"ನಾನು ಡ್ರೈವಿಂಗ್ ಟೆಸ್ಟ್ ಎರಡು ಸಲ ಕೊಟ್ಟೆ," ಅಂದರು ವಸಂತಾ.

"ನೀನು ಫೇಲಾದೆ, ಅದಕ್ಕೆ."

"ಅದಕ್ಕೇನೀಗ? ಕೊಟ್ಟಿದ್ದು ಎರಡು ಸಲಾನೇ ತಾನೆ?"

ಸ್ವರ್ಣಲತಾ ಧನರಾಜ್‌ಗೆ ಫೋನ್ ಮಾಡಿದಳು. ಗಂಡ ಹೆಂಡತಿ ಮಾತಾಡುವುದು ತುಳುವಿನಲ್ಲಿ. ಚಕ್ರಪಾಣಿಯವರಿಗೆ ತುಳು ಬಾರದು. ಆದರೂ ಗಮನವಿಟ್ಟು ಕೇಳಿದರು. ಧನರಾಜ್ ಹೇಳಿದ್ದು ಇಷ್ಟೆ: ಬೇಡ ಅಂದಮೇಲೆ ಬೇಡ ಮಾರಾಯ್ತಿ, ಬರುವಾಗ ಗ್ರೈಂಡರ್ ಮರೆಯಬೇಡ.

"ಏನಂತೆ?"

"ಬೇಡ ಅಂದ್ರೆ ಬೇಡ ಅಂತೆ."

"ಪಾಪ, ಒಳ್ಳೆ ಹುಡುಗ," ಅಂದರು ಚಕ್ರಪಾಣಿ. ಅಲ್ಲಿಗೆ ಧನರಾಜ್‌ನ ಅಭಿಪ್ರಾಯ ಮುಗಿಯಿತು.

ಅಷ್ಟರಲ್ಲಿ ವಸಂತಾ ಈಮೇಲನ್ನು ತಾವೇ ಓದಿ ಮುಗಿಸಿದ್ದರು. "ಸ್ಕ್ಯಾಮೂ ಇಲ್ಲ ಗೀಮೂ ಇಲ್ಲ. ಇದು ಉಪಚಾರ. ಮದುವೆ ಕಾಗದದಲ್ಲಿ ಹಾಕಿರ್ತಾರಲ್ಲ, ‘ಉಡುಗೊರೆ ಬೇಡ, ನಿಮ್ಮ ಆಶೀರ್ವಾದವೇ ಸಾಕು’ ಅಂತ. ಅದನ್ನ ನಂಬಿಕೊಂಡು ಬರಿಗೈಲಿ ಹೋಗ್ತೀವಾ? ಅವರು ಬೇಡ ಅನ್ನಬೇಕು, ನಾವು ಕವರ್ ಕೊಡಬೇಕು. ಇವರು ಮರ್ಯಾದೆಗೆ ಟೆಸ್ಟ್ ಬೇಡ ಅಂದಿದಾರೆ. ನಾವು ಮರ್ಯಾದೆಯಿಂದ ಬರೀಬೇಕು."

ಮೂವರಿಗೂ ಇದು ಬಹಳ ಸರಿ ಎನಿಸಿತು. ಯಾರ ಮನೆಯಲ್ಲೂ ಕಾಫಿ ಬೇಕಾ ಎಂದರೆ ಮೊದಲ ಸಲಕ್ಕೆ ಹೂಂ ಎನ್ನದೆ ಬೆಳೆದವರು ಅವರು. ಸ್ವರ್ಣಲತಾಳಿಗೆ ಒಳಗೊಳಗೆ ಇನ್ನೊಂದು ಕಾರಣವೂ ಇತ್ತು. ಪರೀಕ್ಷೆ ಬರೆಯದೆ ಒಳಗೆ ಹೋದರೆ ಎಂದಾದರೊಂದು ದಿನ ಯಾರಾದರೂ ಬಂದು, ‘ನೀನು ಲೆಕ್ಕದಲ್ಲಿ ಫೇಲ್ ಅಲ್ವಾ, ಇಲ್ಲಿ ಹೇಗೆ ಬಂದೆ?’ ಎಂದು ಕೇಳಿಯಾರು ಎಂಬ ಹೆದರಿಕೆ.

ಖಚಿತ ಮಾಡಿಕೊಳ್ಳಲು ಚಕ್ರಪಾಣಿ ಕಾಲೇಜಿಗೆ ಫೋನ್ ಮಾಡಿ ಸ್ಪೀಕರ್‌ನಲ್ಲಿಟ್ಟರು. ಡೆಬ್ ಎತ್ತಿದಳು.

"ಟೆಸ್ಟ್ ಬೇಡ ಅಂತ ಬರೆದಿದ್ದೀರಿ," ಅಂದರು ಇಂಗ್ಲಿಷಿನಲ್ಲಿ.

"ಹೌದು. ಬೇಡ."

"ಆದರೂ ಬರೆದರೆ ತಪ್ಪಾಗುತ್ತಾ?"

"ತಪ್ಪೇನಿಲ್ಲ. ಬೇಕಾಗಿಲ್ಲ ಅಷ್ಟೆ."

"ಅಂದರೆ ಬರೆಯಬಹುದು."

"ಬರೆಯಲೇಬೇಕು ಅನಿಸಿದರೆ ಶುಕ್ರವಾರ ಹೊಸಬರಿಗೆ ಟೆಸ್ಟ್ ಇದೆ, ಆದರೆ..."

"ಥ್ಯಾಂಕ್ ಯೂ ಸೋ ಮಚ್," ಎಂದು ಫೋನ್ ಇಟ್ಟ ಚಕ್ರಪಾಣಿ ಗೆದ್ದವರಂತೆ ಸುತ್ತ ನೋಡಿದರು. "ನೋಡಿದ್ರಾ? ಎರಡನೇ ಸಲಕ್ಕೇ ಒಪ್ಪಿಕೊಂಡರು."

*

ಗ್ರೈಂಡರ್‌ನಿಂದಾಗಿ ವಿಮಾನ ರದ್ದಾಯಿತು. ಸ್ವರ್ಣಲತಾಳ ವೆಟ್ ಗ್ರೈಂಡರ್‌ನ ಕಲ್ಲುಗಳು ವಿಮಾನದ ಬ್ಯಾಗೇಜ್ ಮಿತಿಗೆ ಒಗ್ಗುವಂಥವಲ್ಲ. "ಕಾರಲ್ಲೇ ಹೋಗೋಣ, ದಾರಿಯಲ್ಲಿ ರಿವಿಷನ್ನೂ ಆಗುತ್ತೆ," ಎಂದು ಚಕ್ರಪಾಣಿ ತಾವೇ ಹೊರಟರು. ಅವರು ಹೊರಟರೆಂದು ವಸಂತಾ ಹೊರಟರು. ಗುರುವಾರ ಬೆಳಿಗ್ಗೆ ಅವರ ಕಾರು ಹ್ಯೂಮ್ ಹೈವೇ ಹಿಡಿದಾಗ ಹಿಂದಿನ ಸೀಟಿನಲ್ಲಿ ಒಂದು ಬದಿಗೆ ಸ್ವರ್ಣಲತಾ, ಇನ್ನೊಂದು ಬದಿಗೆ ಶ್ರದ್ಧಾ, ನಡುವೆ ಸೀಟ್‌ಬೆಲ್ಟ್ ಕಟ್ಟಿಸಿಕೊಂಡ ಗ್ರೈಂಡರ್ ಕೂತಿದ್ದವು. ಡಿಕ್ಕಿಯಲ್ಲಿ ಪಾತ್ರೆಗಳ ಮೇಲೆ ವೈಟ್‌ಬೋರ್ಡ್ ಮಲಗಿತ್ತು.

"ನಾವು ಗಂಟೆಗೆ ನೂರಾ ಹತ್ತು ಕಿಲೋಮೀಟರ್ ಹೋಗ್ತಿದೀವಿ," ಚಕ್ರಪಾಣಿ ಕನ್ನಡಿಯಲ್ಲಿ ನೋಡಿ ಶುರು ಮಾಡಿದರು. "ಆಲ್ಬರಿ ಇನ್ನೂ ಇನ್ನೂರ ಇಪ್ಪತ್ತು ಕಿಲೋಮೀಟರ್ ಇದೆ. ಎಷ್ಟು ಹೊತ್ತು ಬೇಕು?"

"ಆಂಟಿಗೆ ಟಾಯ್ಲೆಟ್‌ಗೆ ನಿಲ್ಲಿಸುವುದು ಸೇರಿಸಿಯಾ, ಬಿಟ್ಟಾ?"

"ಬಿಟ್ಟು."

"ಬಿಡೋಕಾಗಲ್ಲ," ಅಂದರು ವಸಂತಾ. "ಮುಂದಿನದರಲ್ಲೇ ನಿಲ್ಲಿಸಿ."

ಹೋಲ್‌ಬ್ರೂಕ್ ಎಂಬ ಊರಲ್ಲಿ ನಿಲ್ಲಿಸಿದರು. ಸಮುದ್ರದಿಂದ ನೂರಾರು ಕಿಲೋಮೀಟರ್ ಒಳಗಿರುವ ಆ ಊರಿನ ಪಾರ್ಕ್‌ನಲ್ಲಿ, ಹಸಿರು ಹುಲ್ಲಿನ ಮೇಲೆ, ಒಂದು ನಿಜವಾದ ಸಬ್‌ಮರೀನ್ ಇದೆ. ಆಸ್ಟ್ರೇಲಿಯಾದ ನೌಕಾಪಡೆ ಬಳಸಿ ಬಿಟ್ಟದ್ದು. ಅದರ ಕಪ್ಪು ಬೆನ್ನಿನ ಪಕ್ಕ ನಿಂತು ನಾಲ್ವರೂ ಪುಳಿಯೋಗರೆ ತಿಂದರು.

"ಇದು ಇಲ್ಲಿಗೆ ಹೇಗೆ ಬಂತು?" ಎಂದಳು ಸ್ವರ್ಣಲತಾ.

"ಟೆಸ್ಟ್ ಪಾಸಾಗಿ," ಅಂದರು ವಸಂತಾ.

ಅದರಲ್ಲಿ ಅಂಥ ಹಾಸ್ಯವೇನೂ ಇರಲಿಲ್ಲ. ಆದರೂ ಸ್ವರ್ಣಲತಾ ಬಾಯಲ್ಲಿದ್ದ ಅನ್ನ ಉಗುಳುವಷ್ಟು ನಕ್ಕಳು. ಅವಳನ್ನು ನೋಡಿ ಶ್ರದ್ಧಾ ನಕ್ಕಳು. ಚಕ್ರಪಾಣಿ ಮಾತ್ರ ಸಬ್‌ಮರೀನ್‌ನ ಉದ್ದ ಹೇಳುವ ಫಲಕವನ್ನು ಹುಡುಕುತ್ತಿದ್ದರು. ಅದರಿಂದ ಒಂದು ಪ್ರಶ್ನೆ ತೆಗೆಯಬಹುದಿತ್ತು.

ಕಾರು ಮತ್ತೆ ಹೊರಟ ಮೇಲೆ ವಸಂತಾರಿಗೆ ಕೆಮ್ಮು ಬಂತು. ಕೈಚೀಲದಿಂದ ಸಿರಪ್ ತೆಗೆದು, "ಡಾಕ್ಟರು ಹದಿನೈದು ಮಿಲಿಗ್ರಾಂ ತಗೊಳ್ಳಿ ಅಂದಿದಾರೆ. ಬಾಟಲಿ ಮೇಲೆ ನೋಡಿದ್ರೆ ಐದು ಎಂಎಲ್‌ನಲ್ಲಿ ಏಳೂವರೆ ಮಿಲಿಗ್ರಾಂ ಅಂತ ಬರೆದಿದಾರೆ," ಎಂದು ಗೊಣಗಿದರು.

"ಹತ್ತು ಎಂಎಲ್," ಅಂದರು ಚಕ್ರಪಾಣಿ ಮತ್ತು ಸ್ವರ್ಣಲತಾ ಒಟ್ಟಿಗೆ.

"ಕುಡಿದ ಮೇಲೆ ಮುಚ್ಚಳ ಗಟ್ಟಿ ಹಾಕಿ ಆಂಟಿ," ಎಂದೂ ಸ್ವರ್ಣಲತಾ ಸೇರಿಸಿದಳು.

ಶ್ರದ್ಧಾ ಕಿವಿಯಿಂದ ಇಯರ್‌ಫೋನ್ ತೆಗೆದಳು. "ಅಮ್ಮಾ, ದಟ್ ವಾಸ್ ಮ್ಯಾಥ್ಸ್."

"ಅದೆಂತ ಲೆಕ್ಕ? ಅದು ಮದ್ದು."

"ಅಮ್ಮಾ. ಸೀರಿಯಸ್ಲಿ."

"ಕಾಲೇಜಲ್ಲೂ ಮದ್ದಿನ ಪೇಪರ್ ಇತ್ತು. ಒಂದೂ ತಪ್ಪಬಾರದು, ತಪ್ಪಿದ್ರೆ ಇಡೀ ಪೇಪರ್ ಮತ್ತೆ ಬರೀಬೇಕು. ನಾನು ಮೊದಲ ಸಲಕ್ಕೇ ಎಲ್ಲ ಸರಿ ಮಾಡಿದೆ. ಲೆಕ್ಕ ಆಗಿದ್ರೆ ನನ್ನಿಂದ ಆಗ್ತಿತ್ತಾ?"

ಶ್ರದ್ಧಾ ಗ್ರೈಂಡರ್‌ನ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದಳು. ಚಕ್ರಪಾಣಿ ಆಗಲೇ ಎರಡು ಹಡಗುಗಳ ಪ್ರಶ್ನೆಗೆ ಹೋಗಿದ್ದರು.

*

ಶುಕ್ರವಾರ ಧನರಾಜ್ ಕೆಲಸಕ್ಕೆ ಹೋಗಬೇಕಿತ್ತು. "ಕಾರ್ಡ್ ತೆಗೆದುಕೊಂಡು ಬಾ, ಮತ್ತೇನೂ ಮಾಡಬೇಡ," ಎಂದು ಹೇಳಿ ಹೋಗಿದ್ದ. ಕಾಲೇಜಿನ ಕೌಂಟರ್‌ನಲ್ಲಿ ಕೆಂಪು ಕನ್ನಡಕದ, ಅರವತ್ತರ ಹತ್ತಿರದ ಹೆಂಗಸು ಕೂತಿದ್ದಳು. ಅವಳೇ ಡೆಬ್.

"ಸ್ವರ್ಣಲತಾ!" ಹೆಸರನ್ನು ಅವಳು ನಿಧಾನವಾಗಿ, ಒಂದೂ ಅಕ್ಷರ ಬಿಡದೆ ಹೇಳಿದಳು. "ಕಾರ್ಡ್‌ಗೆ ಬಂದಿರಾ?"

"ಟೆಸ್ಟ್‌ಗೆ," ಅಂದರು ಹಿಂದೆ ನಿಂತಿದ್ದ ಚಕ್ರಪಾಣಿ.

"ನಿಮಗೆ ಟೆಸ್ಟ್ ಬೇಡ."

"ಇರಲಿ, ಪರವಾಗಿಲ್ಲ."

"ನಿಜವಾಗಿಯೂ ಬೇಡ."

"ಅಯ್ಯೋ, ನೀವು ಹಾಗೆಲ್ಲ ಅನ್ನಬಾರದು," ವಸಂತಾ ಮುಂದೆ ಬಂದರು. "ಅಷ್ಟು ದೂರದಿಂದ ಬಂದಿದೀವಿ."

ಡೆಬ್ ಕನ್ನಡಕ ತೆಗೆದು ಒರೆಸಿಕೊಂಡಳು. ನಲವತ್ತು ವರ್ಷ ಕೌಂಟರ್‌ನಲ್ಲಿ ಕೂತವಳಂತೆ ಕಾಣುತ್ತಿದ್ದ ಅವಳಿಗೂ ಟೆಸ್ಟ್ ಬರೆಯಲು ಅನುಮತಿ ಬೇಡಿ ಒಂಬೈನೂರು ಕಿಲೋಮೀಟರ್ ಬಂದವರು ಹೊಸಬರು. ಅವಳು ಸ್ವರ್ಣಲತಾಳ ಕಡೆ ತಿರುಗಿದಳು. "ನಿಮಗೆ ಬರೆಯಬೇಕು ಅನಿಸುತ್ತದೆಯಾ?"

ಸ್ವರ್ಣಲತಾ ಚಕ್ರಪಾಣಿಯವರನ್ನು ನೋಡಿದಳು, ವಸಂತಾರನ್ನು ನೋಡಿದಳು, ತಲೆಯಾಡಿಸಿದಳು.

"ಸರಿ. ಮೂರನೇ ರೂಮ್. ಆದರೆ ಫೋನಿನಲ್ಲಿ ಹೇಳಲು ಹೊರಟದ್ದು ಕೇಳಿ," ಅಂದಳು ಡೆಬ್. "ಸ್ಟಾರ್ಟ್ ಬಟನ್ ಒತ್ತುವವರೆಗೆ ನಿಮಗೆ ವಿನಾಯಿತಿ ಇದೆ. ಒತ್ತಿದ ಮೇಲೆ ಇಲ್ಲ. ಆಮೇಲೆ ಬಂದ ಅಂಕವೇ ಅಂತಿಮ. ಕಮ್ಮಿ ಬಂದರೆ ಬೇಸಿಕ್ ಕೋರ್ಸ್. ನಾನೇನೂ ಮಾಡಲಾಗುವುದಿಲ್ಲ."

ಚಕ್ರಪಾಣಿಯವರ ಮುಖ ಸ್ವಲ್ಪ ಬದಲಾಯಿತು. ಆದರೆ ಸ್ವರ್ಣಲತಾ ಆಗಲೇ ಮೂರನೇ ರೂಮಿನ ಕಡೆ ನಡೆದಿದ್ದಳು. ಪರೀಕ್ಷೆ ಎಂದ ಮೇಲೆ ಅವಳ ಕಾಲುಗಳು ತಾವಾಗಿ ನಡೆಯುತ್ತಿದ್ದವು, ಬಲಿಯ ಕುರಿಯ ಕಾಲಿನಂತೆ.

ರೂಮಿನಲ್ಲಿ ಹತ್ತಾರು ಕಂಪ್ಯೂಟರ್‌ಗಳು, ಶಾಲೆ ಈಗಷ್ಟೇ ಮುಗಿಸಿದ ಮಕ್ಕಳು. ಚಪ್ಪಲಿ ಹಾಕಿದ ಒಬ್ಬ ಯುವಕ ಮೇಲ್ವಿಚಾರಕ. ಅವಳ ಪರದೆಯ ಮೇಲೆ ಅವಳ ಹೆಸರಿತ್ತು. ಅದರ ಕೆಳಗೆ ಹಸಿರು ಬಣ್ಣದ ಸ್ಟಾರ್ಟ್ ಬಟನ್. ಅದಕ್ಕೂ ಮೇಲೆ, ಅಂಕವಿಲ್ಲದ ಒಂದು ಮಾದರಿ ಪ್ರಶ್ನೆ.

ಮನಸ್ಸಿನಲ್ಲೇ ನಲ್ಲಿಗಳನ್ನೂ ರೈಲುಗಳನ್ನೂ ನೆನಪಿಸಿಕೊಂಡು ಅವಳು ಪ್ರಶ್ನೆ ಓದಿದಳು. ಒಂದು ಬಾಟಲಿಯಲ್ಲಿ ಇನ್ನೂರು ಎಂಎಲ್ ಸಿರಪ್ ಇದೆ. ದಿನಕ್ಕೆ ಎರಡು ಸಲ, ಒಂದು ಸಲಕ್ಕೆ ಹತ್ತು ಎಂಎಲ್‌ನಂತೆ ಕೊಟ್ಟರೆ ಎಷ್ಟು ದಿನ ಬರುತ್ತದೆ?

ಹತ್ತು ದಿನ, ಎಂದುಕೊಂಡಳು. ತೆರೆದ ಬಾಟಲಿಯನ್ನು ಅಷ್ಟು ದಿನ ಇಡಬಹುದೋ ಇಲ್ಲವೋ ಲೇಬಲ್ ನೋಡಬೇಕು, ಎಂದೂ ಎಂದುಕೊಂಡಳು. ಇದೆಂತದು, ಮದ್ದಿನ ಪ್ರಶ್ನೆ ಇಲ್ಲೇನು ಮಾಡುತ್ತಿದೆ, ಲೆಕ್ಕ ಎಲ್ಲಿ ಎಂದು ಪರದೆಯ ಮೇಲ್ತುದಿ ನೋಡಿದಳು. ಅಲ್ಲಿ ದಪ್ಪ ಅಕ್ಷರದಲ್ಲಿ ‘ಮ್ಯಾಥ್ಸ್’ ಎಂದು ಬರೆದಿತ್ತು.

ಅವಳು ಅದನ್ನು ಇನ್ನೊಮ್ಮೆ ಓದಿದಳು.

ಸಿಡ್ನಿಯಲ್ಲಿ ಒಂದೂ ತಪ್ಪಿಲ್ಲದೆ ಬರೆದು ಬಂದದ್ದು ಇದನ್ನೇ. ಅದನ್ನು ನೋಡಿಯೇ ಡೆಬ್ ಬೇಡ ಎಂದದ್ದು. ಮರ್ಯಾದೆಗಲ್ಲ, ಉಪಚಾರಕ್ಕಲ್ಲ. ಪಾಸಾದವಳಿಗೆ ಮತ್ತೆ ಬೇಡ ಎಂದು. ಬೇಡ ಎನ್ನುವ ಮಾತಿಗೆ ಬೇಡ ಎಂದೇ ಅರ್ಥವಿತ್ತು.

ಸಬ್‌ಮರೀನ್ ನೆನಪಾಯಿತು. ಅದೂ ಯಾರ ಅನುಮತಿಯನ್ನೂ ಕೇಳದೆ ಹುಲ್ಲಿನ ಮೇಲೆ ಆರಾಮವಾಗಿ ಕೂತಿತ್ತು. ಸ್ವರ್ಣಲತಾ ಬಾಯಿಗೆ ಕೈ ಅಡ್ಡ ಹಿಡಿದಳು. ಪ್ರಯೋಜನವಾಗಲಿಲ್ಲ. ಪರೀಕ್ಷೆಯ ಕೋಣೆಯಲ್ಲಿ ಅವಳ ನಗು ಕುಕ್ಕರ್ ಸೀಟಿಯಂತೆ ಹೊರಬಂತು.

ಚಪ್ಪಲಿಯ ಯುವಕ ಹತ್ತಿರ ಬಂದ. "ಎಲ್ಲ ಸರಿ ಇದೆಯಾ?"

"ನಾನು ಹೋಗಬಹುದಾ?"

"ನೀವು ಶುರುವೇ ಮಾಡಿಲ್ಲ."

"ಹೌದು. ಅದಕ್ಕೇ ಹೋಗ್ತೇನೆ."

ಯುವಕ ಭುಜ ಕುಣಿಸಿ ಬಾಗಿಲು ತೋರಿಸಿದ. ಕಾರ್ಕಳದಲ್ಲಿ ಮೊದಲ ಅರ್ಧ ಗಂಟೆ ಯಾರನ್ನೂ ಹೊರಗೆ ಬಿಡುತ್ತಿರಲಿಲ್ಲ. ವಾಂತಿ ಬಂದರೂ ಜೊತೆಗೆ ಒಬ್ಬರು ಬರುತ್ತಿದ್ದರು. ಇಲ್ಲಿ ಬಾಗಿಲು ಮುಚ್ಚದಂತೆ ಅಡಿಗೆ ರಬ್ಬರ್ ತುಂಡು ಸಿಕ್ಕಿಸಿದ್ದರು. ಸ್ವರ್ಣಲತಾ ಚೀಲ ತಗುಲಿಸಿಕೊಂಡು ಪರದೆಗೆ ಟಾಟಾ ಮಾಡಿ ಹೊರಟಳು. ಕಾರಿಡಾರ್‌ಗೆ ಬಂದ ಮೇಲೆ ಓಡಿದಳು. ಯಾಕೆ ಓಡುತ್ತಿದ್ದೇನೆಂದು ಅವಳಿಗೇ ಗೊತ್ತಿರಲಿಲ್ಲ.

ಕೌಂಟರ್ ಮುಂದಿನ ಕುರ್ಚಿಯಲ್ಲಿ ಚಕ್ರಪಾಣಿ ವೈಟ್‌ಬೋರ್ಡ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅವಳನ್ನು ಕಂಡು ಎದ್ದು ನಿಂತರು. "ಇಷ್ಟು ಬೇಗ ಮುಗೀತಾ? ಕೊನೇಲಿ ಒಂದ್ಸಲ ಚೆಕ್ ಮಾಡಿದ್ಯಾ?"

"ಬರೀಲಿಲ್ಲ ಅಂಕಲ್."

"ಏನು?"

"ಬಟನ್ ಒತ್ತಲೇ ಇಲ್ಲ. ಎದ್ದು ಬಂದೆ."

ಚಕ್ರಪಾಣಿ ಮತ್ತೆ ಕೂತರು. ವಸಂತಾ ಎದೆಗೆ ಕೈಯಿಟ್ಟುಕೊಂಡರು. "ಯಾಕಮ್ಮಾ, ತುಂಬಾ ಕಷ್ಟ ಇತ್ತಾ?"

"ಇಲ್ಲ ಆಂಟಿ. ನನಗೆ ಬರ್ತದೆ. ನಾನು ಆಗಲೇ ಪಾಸ್." ಅವಳಿಗೆ ಉಸಿರು ಸಾಲುತ್ತಿರಲಿಲ್ಲ. "ಅಂಕಲ್, ಅವರು ನಿಜವಾಗಿ ಬೇಡ ಅಂದದ್ದು. ನಾವೇ ಬಲವಂತ ಮಾಡಿದ್ದು!"

ಮೂಲೆಯಲ್ಲಿ ಕೂತಿದ್ದ ಶ್ರದ್ಧಾ ಎದ್ದು ಬಂದು, ಸಾರ್ವಜನಿಕವಾಗಿ ಎಂದೂ ಮಾಡದ ಕೆಲಸ ಮಾಡಿದಳು: ಅಮ್ಮನನ್ನು ಅಪ್ಪಿಕೊಂಡಳು. "ಮದ್ದು ಅಮ್ಮಾ," ಅಂದಳು ಕನ್ನಡದಲ್ಲಿ, "ಅದು ಮದ್ದು." ಇಬ್ಬರೂ ಒಬ್ಬರಿಗೊಬ್ಬರು ಒರಗಿಕೊಂಡು ನಗತೊಡಗಿದರು. ವಸಂತಾರಿಗೆ ಏನೂ ಅರ್ಥವಾಗದಿದ್ದರೂ ಕೆಮ್ಮು ಬರುವಷ್ಟು ನಕ್ಕರು.

ಡೆಬ್ ಫೋಟೋ ತೆಗೆಯಲು ಸ್ವರ್ಣಲತಾಳನ್ನು ಬಿಳಿ ಗೋಡೆಯ ಮುಂದೆ ನಿಲ್ಲಿಸಿದಳು. ಬಾಯಿ ಮುಚ್ಚಿ ಎಂದಳು. ಸ್ವರ್ಣಲತಾ ಮುಚ್ಚಿದಳು, ಕ್ಯಾಮೆರಾ ಕ್ಲಿಕ್ ಎನ್ನುವ ಹೊತ್ತಿಗೆ ತೆರೆದಳು. ಎರಡನೆಯದರಲ್ಲಿ ಕಣ್ಣು ಮುಚ್ಚಿತ್ತು. ಮೂರನೆಯದರಲ್ಲಿ ಹಲ್ಲು ಅಷ್ಟೂ ಕಾಣುತ್ತಿತ್ತು. "ಸಾಕು, ಇದೇ ಇರಲಿ," ಎಂದು ಡೆಬ್ ಅದನ್ನೇ ಒತ್ತಿದಳು. ಕಾರ್ಡ್ ಬೆಚ್ಚಗೆ ಹೊರಬಂತು. ಅದನ್ನು ಕಾಲೇಜಿನ ಹೆಸರಿದ್ದ ನೀಲಿ ದಾರಕ್ಕೆ ಸಿಕ್ಕಿಸಿ ಕೊಟ್ಟಳು. "ಮಾರ್ಚ್‌ನಲ್ಲಿ ಆಸ್ಪತ್ರೆಗೆ ಹೋಗುವಾಗ ಇದು ಕೊರಳಲ್ಲಿರಬೇಕು."

ಸ್ವರ್ಣಲತಾ ಅಲ್ಲೇ ಕೊರಳಿಗೆ ಹಾಕಿಕೊಂಡಳು. ಬೀಗದಕೈ ಬರುವುದು ಇನ್ನೂ ವರ್ಷದ ಕೊನೆಗೆ. ದಾರವಂತೂ ಬಂದಿತ್ತು.

ಚಕ್ರಪಾಣಿ ಇಷ್ಟು ಹೊತ್ತೂ ಮೂರನೇ ರೂಮಿನ ತೆರೆದ ಬಾಗಿಲನ್ನೇ ನೋಡುತ್ತಿದ್ದರು. ಒಂದು ಕಂಪ್ಯೂಟರ್ ಖಾಲಿಯಿತ್ತು. ಅವರು ವೈಟ್‌ಬೋರ್ಡನ್ನು ಕುರ್ಚಿಗೆ ಒರಗಿಸಿ, ಅಂಗಿ ಸರಿಮಾಡಿಕೊಂಡು ಕೌಂಟರ್ ಹತ್ತಿರ ಹೋದರು. ಆ ಸೀಟು ಹೇಗೂ ಖಾಲಿಯಿದೆ, ತಾವು ಬರೆಯಬಹುದೇ ಎಂದು ಬಹಳ ವಿನಯದಿಂದ ಕೇಳಿದರು. ಡೆಬ್ ಅವರನ್ನೂ ವೈಟ್‌ಬೋರ್ಡನ್ನೂ ನೋಡಿ, ಇಲ್ಲ ಎಂದಳು.

ವಸಂತಾ ಅವರ ತೋಳು ಹಿಡಿದು ಎಳೆದರು. "ಬೇಡ ಅಂದ್ರಲ್ಲ ರೀ, ಬನ್ನಿ."

"ಎಷ್ಟು ಸಲ ಅಂದ್ರು?"

"ಒಂದೇ ಸಲ."

"ಒಂದೇ ಸಲ ತಾನೆ?" ಎಂದು ಚಕ್ರಪಾಣಿ ಕೌಂಟರ್ ಮೇಲೆ ಎರಡೂ ಮೊಣಕೈ ಊರಿದರು.